ಗಂಡಸಿಗೂ ಅದೇ ಪ್ರಶ್ನೆ: ಕೊಡಗು ಮತ್ತು ದಿನನಿತ್ಯದ ಲಿಂಗತಾರತಮ್ಯ

1. ವಿಷಯದ ವ್ಯಾಪ್ತಿ

ಹೆಣ್ಣು ಎಂಬ ಒಂದೇ ಕಾರಣಕ್ಕೆ ಒಬ್ಬರ ಶಕ್ತಿ, ಆಸಕ್ತಿ, ಕರ್ತವ್ಯಗಳನ್ನು ಮೊದಲೇ ತೀರ್ಮಾನಿಸಿಬಿಡುವುದು ಲಿಂಗತಾರತಮ್ಯದ ಬೇರು. ಗಂಡಿನ ಬಗೆಗೂ ಇಂಥ ತೀರ್ಮಾನಗಳಿವೆ: ಅವನು ಅಳಬಾರದು, ಸೌಟು ಹಿಡಿಯಬಾರದು, ದುಡಿದು ತಂದು ಹಾಕಬೇಕು. ಹೀಗೆ ವ್ಯಕ್ತಿಯನ್ನು ನೋಡುವ ಮುನ್ನವೇ ಸಿದ್ಧವಾಗಿರುವ ಕಲ್ಪನೆಗಳಿಗೆ ಪಡಿಯಚ್ಚು ಎನ್ನುತ್ತಾರೆ. ಹಲ್ಲೆಗೆ, ವರದಕ್ಷಿಣೆ ಸಾವಿಗೆ ದೂರು, ಮೊಕದ್ದಮೆ ಉಂಟು. ದಿನನಿತ್ಯದ ತಾರತಮ್ಯ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಕೆಲಸದ ಸಂದರ್ಶನದಲ್ಲಿ ಮದುವೆ ಯಾವಾಗ ಎಂದು ಕೇಳುವುದು, ತೋಟದ ಲೆಕ್ಕ ಕೇಳಲು ಬಂದವರು ಮನೆಯೊಡತಿಯನ್ನು ಬಿಟ್ಟು ಗಂಡಸರು ಯಾರಿದ್ದಾರೆ ಎಂದು ವಿಚಾರಿಸುವುದು, ಪಂಚಾಯಿತಿ ಅಧ್ಯಕ್ಷೆಯ ಬದಲು ಆಕೆಯ ಗಂಡನಿಗೆ ಫೋನು ಮಾಡುವುದು, ಇವು ಒಂದೊಂದಾಗಿ ಚಿಲ್ಲರೆ ಸಂಗತಿಗಳು. ಒಟ್ಟುಗೂಡಿದಾಗ ಯಾರ ಮಾತಿಗೆ ಬೆಲೆ ಎಂಬುದನ್ನು ತೀರ್ಮಾನಿಸುವುದು ಇವೇ.

ಕೊಡಗಿನ ಹೆಣ್ಣುಮಕ್ಕಳು ಸ್ವತಂತ್ರರು ಎಂಬ ಮಾತು ಹಳೆಯದು. ಅದಕ್ಕೆ ಆಧಾರಗಳೂ ಇವೆ. 2011ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,019 ಹೆಂಗಸರಿದ್ದರು. ಕೊಡವರಲ್ಲಿ ವಿಧವೆಯ ಮರುಮದುವೆಗೆ ಕಟ್ಟಳೆಯ ಒಪ್ಪಿಗೆಯಿತ್ತು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೆಂಗಸರೂ ಇಳಿಯುತ್ತಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುವ ಹೆಣ್ಣುಮಕ್ಕಳಿದ್ದಾರೆ. ಆದರೆ ಬೇರೆ ಕಡೆಗಿಂತ ಇಲ್ಲಿ ವಾಸಿ ಎಂಬ ಸಮಾಧಾನ ಮುಂದಿನ ಪ್ರಶ್ನೆಗಳನ್ನು ತಡೆಯುತ್ತದೆ. ಹೆಸರು, ಆಸ್ತಿ, ಕೂಲಿ, ಹುದ್ದೆ ಈ ನಾಲ್ಕು ಕಡೆ ನೋಡಿದಾಗಲೇ ಗೌರವಕ್ಕೂ ಹಕ್ಕಿಗೂ ಇರುವ ಅಂತರ ಕಾಣುತ್ತದೆ.

2. ಒಕ್ಕ ಮತ್ತು ಮಂಗಲ

ಕೊಡವ ಸಮಾಜದ ಘಟಕ ಒಕ್ಕ, ಅಂದರೆ ತಂದೆಯ ಕಡೆಯಿಂದ ಸಾಗುವ ಕುಟುಂಬ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲಿ ಇದರ ವಿವರವಾದ ಚಿತ್ರವಿದೆ. ಗಂಡು ಹುಟ್ಟಿದ ಒಕ್ಕದಲ್ಲೇ ಉಳಿಯುತ್ತಾನೆ. ಹೆಣ್ಣು ಮದುವೆಯಲ್ಲಿ ಒಕ್ಕ ಬದಲಿಸುತ್ತಾಳೆ. ಸಂಬಂಧ ಅಡ್‌ಕುವ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು, ಅಂದರೆ ಒಕ್ಕದ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಸಣ್ಣ ಕಲ್ಲುಗಳನ್ನು ಎಣಿಸಿ ಒಪ್ಪಿಸಿ, ಆಕೆಯ ಹಕ್ಕುಗಳನ್ನು ತವರಿನಿಂದ ಗಂಡನ ಒಕ್ಕಕ್ಕೆ ದಾಟಿಸುತ್ತಾರೆ. ಹೆಣ್ಣಿಗೂ ಹಕ್ಕುಂಟು ಎಂದು ಸಾರ್ವಜನಿಕವಾಗಿ ಸಾರುವ ಶಾಸ್ತ್ರವಿದು. ಆದರೆ ಆ ಮಾತುಕತೆ ನಡೆಸುವವರು ಗಂಡಸರು.

ಮಕ್ಕಪರಿಜೆ, ಒಕ್ಕಪರಿಜೆ ಎಂಬ ಮದುವೆಯ ಬಗೆಗಳೂ ಇದ್ದವು. ಇವುಗಳಲ್ಲಿ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ, ಮಕ್ಕಳು ತಾಯಿಯ ಒಕ್ಕದ ಹೆಸರು ಹೊರುತ್ತಾರೆ. ಗಂಡುಸಂತಾನವಿಲ್ಲದೆ ಒಕ್ಕ ಅಳಿಯಬಾರದು ಎಂಬುದು ಇದರ ಹಿಂದಿನ ಕಾಳಜಿ. ಹಾಗಾಗಿ ಇದನ್ನು ಹೆಣ್ಣಿನ ಆಯ್ಕೆಯ ಹಕ್ಕು ಎನ್ನುವುದಕ್ಕಿಂತ ಒಕ್ಕದ ಅಗತ್ಯ ಎನ್ನುವುದೇ ಸರಿ.

ಪಡಿಯಚ್ಚು ಸ್ಪಷ್ಟವಾಗಿ ಕಾಣುವುದು ಮಂಗಲ ಎಂಬ ಗೌರವದ ಶಾಸ್ತ್ರಗಳಲ್ಲಿ. ಹುಲಿ ಕೊಂದ ಗಂಡಸಿಗೆ ನರಿಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ): ಸತ್ತ ಹುಲಿಯನ್ನು ಪಕ್ಕದಲ್ಲಿ ತೂಗುಹಾಕಿ, ಬೇಟೆಗಾರನನ್ನು ಕೂರಿಸಿ, ಊರವರು ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುತ್ತಿದ್ದರು. ಹತ್ತು ಮಕ್ಕಳ ತಾಯಿಗೂ ಪ್ರತ್ಯೇಕ ಮಂಗಲವಿತ್ತು. ಗಂಡು ಕೂಸು ಹುಟ್ಟಿದರೆ ಒಂದು ಗುಂಡು ಹಾರುತ್ತಿತ್ತು. ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಗಂಡಸಿಗೆ ಮನ್ನಣೆ ಸಾಹಸದಿಂದ, ಹೆಂಗಸಿಗೆ ಹೆರಿಗೆಯಿಂದ. ಇಬ್ಬರಿಗೂ ಗೌರವವುಂಟು, ಆದರೆ ಆ ಗೌರವಕ್ಕೆ ಹೋಗುವ ದಾರಿಯನ್ನು ಹುಟ್ಟೇ ನಿರ್ಧರಿಸಿತ್ತು.

3. ಗೌರಮ್ಮನ ಕತೆಗಳು

ಈ ಅಸಮಾನತೆಯನ್ನು ಕನ್ನಡ ಕತೆಗೆ ತಂದವರಲ್ಲಿ ಮೊದಲಿಗರು ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಹದಿಮೂರರ ಹೊತ್ತಿಗೆ ಮದುವೆಯಾಗಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು. ಅಷ್ಟರಲ್ಲಿ ಬರೆದ ಕತೆಗಳು ‘ಕಂಬನಿ’, ‘ಚಿಗುರು’ ಸಂಕಲನಗಳಲ್ಲಿವೆ. ಕೊಡವರಲ್ಲಿ ಒಪ್ಪಿತವಾಗಿದ್ದ ವಿಧವೆಯ ಮರುಮದುವೆ ಅದೇ ಊರಿನ ಬ್ರಾಹ್ಮಣ ಮನೆಗಳಲ್ಲಿ ನಿಷಿದ್ಧವಾಗಿತ್ತು. ಹೆಂಡತಿ ಸತ್ತವನು ಮತ್ತೆ ವರನಾಗಬಹುದು, ಗಂಡ ಸತ್ತವಳು ಮೂಲೆ ಸೇರಬೇಕು. ‘ಪುನರ್ವಿವಾಹ’, ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು?’ ಮೊದಲಾದ ಶೀರ್ಷಿಕೆಗಳೇ ಅವರ ಕಾಳಜಿಯನ್ನು ಹೇಳುತ್ತವೆ. ಗಮನಿಸಬೇಕಾದ ಇನ್ನೊಂದು ಅಂಶ, ಇಷ್ಟು ದಿಟ್ಟ ಲೇಖಕಿ ಅಂದು ಬರೆಯುತ್ತಿದ್ದುದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ, ಅಂದರೆ ಗಂಡನ ಹೆಸರಿನ ಮರೆಯಲ್ಲಿ. ಇಂದು ಕೊಡಗಿನ ಲೇಖಕಿಯರಿಗೆ ಗೌರಮ್ಮನದೇ ಹೆಸರಿನ ದತ್ತಿ ಪ್ರಶಸ್ತಿಯಿದೆ.

4. ಮುತ್ತಮ್ಮನ ಮೊಕದ್ದಮೆ

ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಈ ಕೆಲಸ ಹೆಣ್ಣಿಗೆ ಹೇಳಿದ್ದಲ್ಲ ಎಂದು ಆಯ್ಕೆ ಮಂಡಳಿಯೇ ಅವರ ಮನಸ್ಸು ತಿರುಗಿಸಲು ನೋಡಿತು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆಗೆ ಅವರು ಸಹಿ ಹಾಕಬೇಕಾಯಿತು. 1961ರ ಸೇವಾ ನಿಯಮಗಳಲ್ಲಿ ಈ ಭಾವನೆಯೇ ಅಕ್ಷರರೂಪಕ್ಕೆ ಬಂದಿತ್ತು. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೇಳಬಹುದು. ವಿವಾಹಿತೆಗೆ ನೇಮಕ ಹಕ್ಕಲ್ಲ. ಗಂಡಸಿಗೆ ಇಂಥ ಯಾವ ನಿಯಮವೂ ಇರಲಿಲ್ಲ.

ಕಿರಿಯರಿಗೆ ಬಡ್ತಿ ಸಿಕ್ಕಿ ತಮಗೆ ತಪ್ಪಿದಾಗ, ರಾಯಭಾರಿಯಾಗಿ ಹಂಗೇರಿಗೆ 1970ರಲ್ಲೇ ಹೋಗಿದ್ದ ಮುತ್ತಮ್ಮ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಆದ್ದರಿಂದ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ತಾಂತ್ರಿಕವಾಗಿ ವಜಾ ಆಯಿತು. ಆದರೆ ತೀರ್ಪು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ನಿಯಮಗಳಲ್ಲಿದ್ದ ಪಕ್ಷಪಾತವನ್ನು ಕಟುವಾಗಿ ಟೀಕಿಸಿ, ಅಂಥ ನಿಯಮಗಳನ್ನೆಲ್ಲ ಪರಿಶೀಲಿಸಿ ತಿದ್ದಬೇಕೆಂದೂ ಜ್ಯೇಷ್ಠತೆಯ ನಷ್ಟವನ್ನು ಮರುಪರಿಶೀಲಿಸಬೇಕೆಂದೂ ಸೂಚಿಸಿದರು. ಅವರ ತರ್ಕ ಸರಳ: ಸಂಸಾರ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನದಕ್ಕೂ ಆಗಬಹುದಲ್ಲ?

ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಹಿಳಾ ತಾರತಮ್ಯ ನಿವಾರಣಾ ಒಪ್ಪಂದ, ಪಡಿಯಚ್ಚುಗಳನ್ನು ಅಳಿಸುವುದನ್ನೂ ಸರ್ಕಾರಗಳ ಹೊಣೆಯಾಗಿಸಿತು. ನ್ಯಾಯಾಲಯಗಳ ಭಾಷೆಯಲ್ಲೇ ಇರುವ ಪಡಿಯಚ್ಚುಗಳನ್ನು ಗುರುತಿಸುವ ಕೈಪಿಡಿಯನ್ನು ಸುಪ್ರೀಂ ಕೋರ್ಟ್ ಹೊರತಂದದ್ದು 2023ರಲ್ಲಿ.

5. ತೋಟದ ಕೂಲಿ

ಕೊಡಗಿನ ಕಾಫಿ ತೋಟಗಳಲ್ಲಿ ಗಂಡಾಳು, ಹೆಣ್ಣಾಳು ಎಂಬ ವಿಂಗಡಣೆ ಕೆಲಸಕ್ಕೂ ಕೂಲಿಗೂ ಅಂಟಿಕೊಂಡಿದೆ. ಮರಗಸಿ (ನೆರಳುಮರದ ಕೊಂಬೆ ಕಡಿಯುವುದು), ಏಣಿ ಹತ್ತಿ ಮೆಣಸು ಕೊಯ್ಯುವುದು ಗಂಡಾಳಿನವು. ಹಣ್ಣು ಕೊಯ್ಯುವುದು, ಕಳೆ ತೆಗೆಯುವುದು ಹೆಚ್ಚಾಗಿ ಹೆಣ್ಣಾಳಿನವು. ಕೊಯ್ಲಿನ ಕಾಲದಲ್ಲಿ ಹೆಂಗಸರು ಇಳಿಜಾರಿನಲ್ಲಿ ದಿನವಿಡೀ ಹಣ್ಣು ಬಿಡಿಸಿ, ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ಇಡುತ್ತಾರೆ. ಲೈನ್ ಮನೆಗೆ ಹೋದ ಮೇಲೆ ಒಲೆ, ನೀರು, ಮಕ್ಕಳ ಕೆಲಸ ಕಾದಿರುತ್ತದೆ. 1976ರ ಸಮಾನ ವೇತನ ಕಾಯ್ದೆ ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದಿತು. ಕೆಲಸವನ್ನೇ ಬೇರೆಬೇರೆ ಎಂದು ಹೆಸರಿಸಿದಾಗ ಆ ಮಾತು ತಾಗುವುದಿಲ್ಲ.

ಕಾನೂನಿನೊಳಗೂ ಪಡಿಯಚ್ಚು ಅಡಗಿರುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಶಿಶುಪಾಲನಾ ಕೇಂದ್ರ ಬೇಕೇ ಎಂದು ತೀರ್ಮಾನಿಸಲು ಹೆಣ್ಣಾಳುಗಳನ್ನೂ ಅವರ ಮಕ್ಕಳನ್ನೂ ಎಣಿಸಲಾಗುತ್ತಿತ್ತು. ಗಂಡಾಳಿನ ಮಕ್ಕಳು ಲೆಕ್ಕಕ್ಕಿರಲಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಈ ಎಣಿಕೆಯನ್ನು ಬದಲಿಸಿ, 50 ನೌಕರರಿದ್ದರೆ ಸಾಕು, ಅವರು ಗಂಡೋ ಹೆಣ್ಣೋ ಕೇಳಬೇಕಿಲ್ಲ ಎಂದಿತು.

6. ಆಸ್ತಿ

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಒಕ್ಕದ ಸೊತ್ತು. ದಾಖಲೆಯಲ್ಲಿ ಪಟ್ಟೆದಾರನ, ಅಂದರೆ ಒಕ್ಕದ ಹಿರಿಯನ, ಹೆಸರು. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟವು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ಪಾಲು ಕೇಳಿದ ಮಗಳು ತವರಿಗೆ ಎರವಾಗುತ್ತಾಳೆ ಎಂಬ ಭಯದಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಬೀಳುತ್ತದೆ. ಅಣ್ಣ ಪಾಲು ತೆಗೆದುಕೊಂಡರೆ ಪ್ರೀತಿ ಕೆಡದು, ತಂಗಿ ತೆಗೆದುಕೊಂಡರೆ ಕೆಡುತ್ತದೆ ಎಂಬುದು ಇಲ್ಲಿ ಕೆಲಸ ಮಾಡುವ ಪಡಿಯಚ್ಚು.

7. ಎದುರಿಸುವ ಬಗೆ

ಮುತ್ತಮ್ಮನ ಮೊಕದ್ದಮೆಯ ತರ್ಕ ದಿನನಿತ್ಯಕ್ಕೂ ಒದಗುತ್ತದೆ. ಹೆಣ್ಣಿಗೆ ಹಾಕುವ ಪ್ರಶ್ನೆಯನ್ನು ಅದೇ ಜಾಗದಲ್ಲಿರುವ ಗಂಡಿಗೂ ಹಾಕಿ ನೋಡಬೇಕು; ಅಲ್ಲಿ ಅದು ಅಸಂಬದ್ಧ ಎನಿಸಿದರೆ ಇಲ್ಲಿಯೂ ಅಸಂಬದ್ಧವೇ. ಸಂದರ್ಶನದ ಪ್ರಶ್ನಾವಳಿ, ತೋಟದ ಹಾಜರಿ ಪುಸ್ತಕ, ಶಾಲೆಯ ಪಠ್ಯದಲ್ಲಿ ಒಲೆಯ ಮುಂದಿರುವವರು ಯಾರು ಎಂಬುದು, ಎಲ್ಲವನ್ನೂ ಈ ಒರೆಗಲ್ಲಿಗೆ ಉಜ್ಜಬಹುದು. ಮನೆಯಲ್ಲಿ ಕೆಲಸ ಹಂಚುವುದು, ಕಚೇರಿಯಲ್ಲಿ ನಿಯಮ ಓದಿ ಲಿಖಿತವಾಗಿ ಪ್ರಶ್ನಿಸುವುದು, ಪಂಚಾಯಿತಿಯಲ್ಲಿ ಅಧ್ಯಕ್ಷೆಯೊಡನೆಯೇ ವ್ಯವಹರಿಸುವುದು, ಹಕ್ಕುಬಿಡುಗಡೆಗೆ ಮುನ್ನ ಮಗಳಿಗೆ ಅವಳ ಪಾಲಿನ ವಿವರ ತಿಳಿಸುವುದು ಸಾಧ್ಯವಾದ ಕ್ರಮಗಳು. ಸಂಪ್ರದಾಯವನ್ನು ಬಿಟ್ಟುಬಿಡುವ ಪ್ರಶ್ನೆ ಇಲ್ಲಿಲ್ಲ. ವಿಧವೆಗೆ ಮರುಮದುವೆಯನ್ನೂ ಮಕ್ಕಳಿಗೆ ತಾಯಿಯ ಒಕ್ಕದ ಹೆಸರನ್ನೂ ಒಪ್ಪಿದ್ದ ನಾಡಿನಲ್ಲಿ ಕಟ್ಟಳೆ ಅಗತ್ಯಕ್ಕೆ ತಕ್ಕಂತೆ ಬಾಗಿದೆ. ಒಕ್ಕದ ಅಗತ್ಯಕ್ಕೆ ಬಾಗಿದ ಕಟ್ಟಳೆಯನ್ನು ಹೆಣ್ಣಿನ ಹಕ್ಕಿಗೂ ಬಾಗಿಸುವುದು ಉಳಿದಿರುವ ಕೆಲಸ.