ಬೂಷ್ಟಿನ ರಾತ್ರಿ ಪಾಳಿ

ಮ್ಯೂಸಿಯಂ ಒಳಗೆ ಕಾಲಿಟ್ಟ ತಕ್ಷಣ ಬರುವ ಮುಗ್ಗಲು ವಾಸನೆಯನ್ನು ‘ಇತಿಹಾಸದ ಘಮ’ ಅಂದ್ಕೊಂಡು ಮುಂದೆ ಹೋಗ್ತೀವಿ. ಸ್ವಾಮಿ, ಎಲ್ಲೋ ಬೂಷ್ಟು ಬೆಳೀತಿದೆ ಅಂತ ಅರ್ಥ!

ಫ್ರಾನ್ಸಿನ ಲಾಸ್ಕೋ ಗುಹೆಯನ್ನೇ ನೋಡಿ. ಸಾವಿರಾರು ವರ್ಷ ಉಳಿದಿದ್ದ ಚಿತ್ರಗಳು 1940ರಲ್ಲಿ ಸಿಕ್ಕವು. 1948ರಲ್ಲಿ ಜನರನ್ನು ಒಳಗೆ ಬಿಟ್ಟರು. ಅವರ ಉಸಿರು, ದೀಪದ ಬೆಳಕು ಸೇರಿ ಗೋಡೆಗೆ ಹಸಿರು ಪಾಚಿ ಹತ್ತಿತು, 1963ರಲ್ಲಿ ಬೀಗ. ಆಮೇಲೆ ಹೊಸ ಹವಾನಿಯಂತ್ರಣ ಕೂರಿಸಿದರು. 2001ರಲ್ಲಿ ಬಿಳಿ ಬೂಷ್ಟು ಹಬ್ಬಿತು!

ಮೆಷಿನ್ ಕೂರಿಸಿದ ಮಾತ್ರಕ್ಕೆ ಗಾಳಿ ಸರಿಹೋಗಲ್ಲ. ನಾನು ಇಂಜಿನಿಯರಿಂಗ್ ಓದಿದವನು (ಮಾರ್ಕ್ಸ್ ಕೇಳಬೇಡಿ), ಅಳೆಯದೆ ನಂಬಲ್ಲ. ಸಂಜೆ ಮ್ಯೂಸಿಯಂ ಮುಚ್ಚಿದರೆ, ಕರೆಂಟ್ ಬಿಲ್ ಉಳಿಸೋಕೆ ಎಸಿ ಆಫ್. ಮಳೆಗಾಲದ ಒದ್ದೆ ಗಾಳಿ ಒಳಗೆ ನುಗ್ಗಿ ತಣ್ಣಗಿನ ಗೋಡೆಗೆ, ಕಪಾಟಿನ ಬೆನ್ನಿಗೆ ಕೂರುತ್ತೆ. ಗಾಳಿಯ ತೇವಾಂಶ ಶೇ. 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬೂಷ್ಟಿಗೆ ಅಷ್ಟು ಸಾಕು. ತಾಳೆಗರಿ, ಬಟ್ಟೆ, ಕಾಗದ ಎಲ್ಲ ಅದಕ್ಕೆ ಊಟವೇ.

ತಪಾಸಣೆ ಯಾವಾಗ? ಬೆಳಗ್ಗೆ ಹನ್ನೊಂದಕ್ಕೆ, ಎಸಿ ಓಡ್ತಿರುವಾಗ! ಮೀಟರ್ ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತೆ. ಗೋಡೆಗೆ ಬಣ್ಣ, ಬಿಲ್ ಪಾಸ್.

ಪುಟ್ಟ ಡೇಟಾ ಲಾಗರ್ ಒಂದನ್ನು ಕಪಾಟಿನ ಹಿಂದೆ ಇಡಿ. ಹಗಲು ರಾತ್ರಿ, ಇಡೀ ಮಳೆಗಾಲ ಅದು ದಾಖಲಿಸಲಿ. ಆ ಗ್ರಾಫ್ ಇಲ್ಲದ ರಿಪೋರ್ಟಿಗೆ ಸಹಿ ಹಾಕಬೇಡಿ.