ಗೇರ್ ನಾಬ್ ನಂಬಬೇಡಿ: ಹಳೇ ಜೀಪಿನ ಗೇರ್ ಬಾಕ್ಸ್ ಗುರುತಿಸೋದು ಹೇಗೆ?

(ವಿಡಿಯೋದಲ್ಲಿನ ಮಾತಿನ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ಪುಣೆಯ ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಹಾಗಾಗಿ ಗೇರ್ ಬಾಕ್ಸ್ ಬಗ್ಗೆ ಮಾತಾಡೋಕೆ ನನ್ನ ಹತ್ರ ಯಾವ ಸರ್ಟಿಫಿಕೇಟೂ ಇಲ್ಲ. ಇರೋದು ಒಂದು ಹಳೇ ಜೀಪು. ಅದೂ ಇಲ್ಲಿಲ್ಲ, ಕೊಪ್ಪದ ಹತ್ತಿರ ನಮ್ಮ ತೋಟದಲ್ಲಿದೆ.

ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಸಮಯ. ಅಪ್ಪಯ್ಯ ಫೋನ್ ಮಾಡಿದ್ರು. ದನಿ ಯಾಕೋ ಬೇರೆ ಥರ ಇತ್ತು. ತೋಟದ ಇಳಿಜಾರಲ್ಲಿ ಸೆಕೆಂಡ್ ಗೇರಲ್ಲಿ ಇಳೀತಾ ಇದ್ದಾಗ ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದಿದೆ. ಹಿಂದೆ ಕೆಲಸಕ್ಕೆ ಬರೋ ನಾಲ್ಕು ಜನ ಕೂತಿದ್ರು. ಹಳೇ ಡ್ರಮ್ ಬ್ರೇಕು, ಒದ್ದೆ ಮಣ್ಣು. ಕೊನೆಗೆ ಜೀಪನ್ನ ಧರೆಗೆ ಒರಗಿಸಿ ನಿಲ್ಲಿಸಿದ್ರಂತೆ. "ಯಾರಿಗೂ ಏನೂ ಆಗ್ಲಿಲ್ಲ ಮಾರಾಯ" ಅಂದ್ರು. ಅದನ್ನೇ ಮೂರು ಸಲ ಹೇಳಿದಾಗ ಎಷ್ಟು ಹೆದರಿದ್ದಾರೆ ಅಂತ ನನಗೆ ಗೊತ್ತಾಯ್ತು.

ಊರಿನ ಮೆಕ್ಯಾನಿಕ್ ನೋಡಿ, ಸೆಕೆಂಡ್ ಗೇರಿನ ಹಲ್ಲು ಸವೆದಿರಬೇಕು, ಸೆಟ್ ತರಿಸಿ ಅಂದ್ರು. ನಾನು ಪುಣೆಯಿಂದಲೇ ಒಂದು ಬಿಡಿಭಾಗದ ಅಂಗಡಿಗೆ ಫೋಟೋ ಕಳಿಸಿ ತರಿಸಿದೆ. ಬಂದ ಸೆಟ್ ಕೂರಲಿಲ್ಲ. ಯಾಕೆ ಅಂದ್ರೆ ಅದು ನಾಲ್ಕು ಗೇರಿನ ಬಾಕ್ಸಿಂದು. ತಪ್ಪು ಅಂಗಡಿಯವರದ್ದಲ್ಲ, ನನ್ನದೇ. ನಾನು ಕಳಿಸಿದ್ದು ಗೇರ್ ನಾಬಿನ ಫೋಟೋ. ಅದರ ಮೇಲೆ 1, 2, 3, 4 ಅಂತ ನಕ್ಷೆ ಇತ್ತು. ಯಾವುದೋ ಕಾಲದಲ್ಲಿ ಯಾರೋ ಬೇರೆ ಗಾಡಿಯ ನಾಬ್ ಹಾಕಿದ್ರು, ಅಷ್ಟೇ. ಅಪ್ಪಯ್ಯ ನಕ್ಕುಬಿಟ್ರು: "ನಲವತ್ತು ವರ್ಷದಿಂದ ಮೂರೇ ಗೇರ್ ಹಾಕ್ತಾ ಇದ್ದೀನಿ. ನನ್ನ ಕೇಳಬಾರದಿತ್ತಾ?"

ನಿಜ. ಅಲ್ಲಿಂದಲೇ ನಾನು ಸರಿಯಾಗಿ ಕಲಿಯೋಕೆ ಶುರು ಮಾಡಿದ್ದು.

ಮೊದಲನೇ ಪಾಠ: ಗಾಡಿ ಗುರುತಿಸಿದ್ರೆ ಗೇರ್ ಬಾಕ್ಸ್ ಗುರುತಿಸಿದ ಹಾಗಲ್ಲ. ಹಳೇ ಜೀಪುಗಳಲ್ಲಿ ಎಂಜಿನ್, ಬಾಕ್ಸ್, ಆಕ್ಸಲ್ ಎಲ್ಲ ಅದಲುಬದಲಾಗಿರುತ್ತವೆ. ಆರ್‌ಸಿ ಪುಸ್ತಕ ಒಂದು ಹೇಳಿದ್ರೆ ಕೆಳಗೆ ಇರೋದು ಇನ್ನೊಂದು.

ನಮ್ಮ ಕಡೆ ಸಿಗೋ ಹಳೇ ಪೆಟ್ರೋಲ್ ಜೀಪುಗಳಲ್ಲಿ ಮೂರು ಗೇರಿನ ಬಾಕ್ಸ್ ಮುಖ್ಯವಾಗಿ ಎರಡು. ಒಂದು, ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಟಿ-84. ಇನ್ನೊಂದು, ಯುದ್ಧ ಮುಗಿದ ಮೇಲೆ 1945ರಲ್ಲಿ ಸಿಜೆ-2ಎ ಜೊತೆ ಬಂದ ಟಿ-90. ಮುಂದೆ ಸಿಜೆ-3ಬಿ, ಅಂದ್ರೆ ನಮ್ಮಲ್ಲಿ ಮಹೀಂದ್ರ ವರ್ಷಾನುಗಟ್ಟಲೆ ತಯಾರಿಸಿದ ಆ ಎತ್ತರದ ಬಾನೆಟ್ಟಿನ ಜೀಪಲ್ಲೂ ಇದ್ದದ್ದು ಟಿ-90. ಎರಡರ ಹಿಂದೆಯೂ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ ಇರುತ್ತೆ. ಗೇರ್ ಲಿವರ್ ಒಂದು, ಟ್ರಾನ್ಸ್‌ಫರ್ ಲಿವರ್ ಎರಡು, ಒಟ್ಟು ಮೂರು ಕೋಲು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ನಡುವಲ್ಲಿಲ್ಲದೆ ಬಲಕ್ಕೆ ಸರಿದಿದ್ರೆ ಸ್ಪೈಸರ್ 18 ಅಂತ ತಿಳ್ಕೋಬಹುದು.

ಎರಡೂ ಬಾಕ್ಸಲ್ಲಿ ಫಸ್ಟ್ ಗೇರಿಗೆ ಸಿಂಕ್ರೊ ಇಲ್ಲ. ಗಾಡಿ ನಿಂತ ಮೇಲೆ ಹಾಕ್ಬೇಕು, ಇಲ್ಲಾ ಎರಡು ಸಲ ಕ್ಲಚ್ ಒತ್ತೋ ಅಭ್ಯಾಸ ಇರಬೇಕು. ರಿವರ್ಸ್ ಎಡಕ್ಕೆ ಮೇಲೆ, ಫಸ್ಟ್ ಎಡಕ್ಕೆ ಕೆಳಗೆ, ಸೆಕೆಂಡ್ ಬಲಕ್ಕೆ ಮೇಲೆ, ಥರ್ಡ್ ಬಲಕ್ಕೆ ಕೆಳಗೆ. ನಮ್ಮ ಜೀಪಿನ ನಾಬ್ ನಂಬಿ ಹೊಸಬರು ಫಸ್ಟ್ ಹಾಕಿದ್ರೆ ಗಾಡಿ ಹಿಂದಕ್ಕೆ ಹೋಗುತ್ತೆ!

ಹಾಗಾದ್ರೆ ಟಿ-84ಗೂ ಟಿ-90ಗೂ ವ್ಯತ್ಯಾಸ ಕಂಡುಹಿಡಿಯೋದು ಹೇಗೆ? ಬಾಕ್ಸಿನ ಎರಕದ ಮೇಲೆ ಅಕ್ಷರ, ಅಂಕಿ ಇರುತ್ತೆ. ತಂತಿ ಬ್ರಷ್ ಹಾಕಿ ಉಜ್ಜಿದ್ರೆ ಎಷ್ಟೋ ಸಲ ಕಾಣುತ್ತೆ. ನಮ್ಮದರಲ್ಲಿ ಗ್ರೀಸು, ಮಣ್ಣು, ಯಾವುದೋ ಕಾಲದ ವೆಲ್ಡಿಂಗು, ಏನೂ ಓದೋಕಾಗಲಿಲ್ಲ. ಆಗ ಉಳಿದದ್ದು ಎಣಿಕೆ.

ಟಿ-84ರ ಫಸ್ಟ್ ಗೇರ್ ಅನುಪಾತ 2.665, ಟಿ-90ರದ್ದು 2.798. ಅಂದ್ರೆ ಬಾಕ್ಸಿಂದ ಹೊರಗೆ ಬರೋ ಶಾಫ್ಟ್ ಒಂದು ಸುತ್ತು ತಿರುಗಬೇಕಾದ್ರೆ ಎಂಜಿನ್ ಅಷ್ಟು ಸುತ್ತು ತಿರುಗಬೇಕು. ಒಂದು ಸುತ್ತಲ್ಲಿ ಈ ವ್ಯತ್ಯಾಸ ಕಣ್ಣಿಗೆ ಸಿಗಲ್ಲ. ಹತ್ತು ಸುತ್ತು ಎಣಿಸಿ: ಒಂದರಲ್ಲಿ ಇಪ್ಪತ್ತಾರೂ ಮುಕ್ಕಾಲು ಸುತ್ತಿಗೂ ಒಂಚೂರು ಕಡಿಮೆ, ಇನ್ನೊಂದರಲ್ಲಿ ಇಪ್ಪತ್ತೆಂಟು. ಈಗ ಮೋಸ ಹೋಗೋ ಹಾಗಿಲ್ಲ.

ಭಾನುವಾರ ವಿಡಿಯೋ ಕಾಲಲ್ಲಿ ಕೂತ್ವಿ. ಬ್ಯಾಟರಿ ಕಳಚಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿದ್ರು. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ದಯವಿಟ್ಟು. ಸ್ಪಾರ್ಕ್ ಪ್ಲಗ್ ತೆಗೆದ್ರೆ ಎಂಜಿನ್ ಹಗುರಾಗಿ ತಿರುಗುತ್ತೆ. ಟ್ರಾನ್ಸ್‌ಫರ್ ಕೇಸ್ ಹೈನಲ್ಲಿ, ಟೂ ವೀಲ್ ಡ್ರೈವಲ್ಲಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು. ಅಪ್ಪಯ್ಯ ಮುಂದೆ ನಿಂತು ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸ್ತಾರೆ, ಚಿಕ್ಕಪ್ಪನ ಮಗ ಹಿಂದಿನ ಶಾಫ್ಟ್ ಎಣಿಸ್ತಾನೆ. ಮೊದಲು ಥರ್ಡ್ ಗೇರಲ್ಲಿ ನೋಡಿದ್ವಿ: ಹತ್ತಕ್ಕೆ ಹತ್ತು. ಇದು ನಮ್ಮ ಎಣಿಕೆಗೇ ಒಂದು ಪರೀಕ್ಷೆ, ಯಾಕೆ ಅಂದ್ರೆ ಥರ್ಡ್ ನೇರ, ಹೈ ಕೂಡ ನೇರ. ಸೆಕೆಂಡಲ್ಲಿ ನೋಡಿ ಪ್ರಯೋಜನ ಇಲ್ಲ. ಎರಡು ಬಾಕ್ಸಿಗೂ ಹೆಚ್ಚುಕಡಿಮೆ ಹದಿನೈದೂವರೆಯೇ ಬರುತ್ತೆ. ಆಮೇಲೆ ಫಸ್ಟ್. ಹತ್ತು ಸುತ್ತಿಗೆ ಇಪ್ಪತ್ತೆಂಟು.

ಟಿ-90.

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆ ಅಂದ್ರೆ ನಮ್ಮ ಮನೆಯಲ್ಲಿ ಒಂದು ಕತೆ ಇದೆ. ಅಜ್ಜ ಮಿಲಿಟರಿ ಹರಾಜಲ್ಲಿ ತಂದ ಯುದ್ಧದ ಜೀಪು ಇದು, ಒಂದು ಬೋಲ್ಟೂ ಬದಲಾಗಿಲ್ಲ ಅಂತ. ಈಗ ಬಾಕ್ಸ್ ಯುದ್ಧದ ನಂತರದ್ದು ಅಂತಾಯ್ತು. ಆಮೇಲೆ ಅವರೇ ಹೇಳಿದ್ರು: "ಅಜ್ಜ ಒಂದ್ಸಲ ಶಿವಮೊಗ್ಗಕ್ಕೆ ಒಯ್ದು ತಿಂಗಳಗಟ್ಟಲೆ ಬಿಟ್ಟಿದ್ರು. ಆಗ ಹಾಕಿಸಿರಬೇಕು." ಕತೆ ಸುಳ್ಳಾಗಲಿಲ್ಲ, ಇನ್ನೊಂದು ಅಧ್ಯಾಯ ಸೇರಿತು.

ಈಗ ಹೋಲಿಕೆಗೆ ಬರೋಣ. ಗೇರ್ ಜಾಸ್ತಿ ಇದ್ರೆ ಬಾಕ್ಸ್ ಒಳ್ಳೇದು ಅಂತ ನಾವೆಲ್ಲ ಅಂದ್ಕೋತೀವಿ. ಗುಡ್ಡ ಹತ್ತಿಳಿಯೋ ಗಾಡಿಗೆ ನೋಡಬೇಕಾದ್ದು ಮೂರು ಸಂಖ್ಯೆಗಳ ಗುಣಲಬ್ಧ: ಫಸ್ಟ್ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್. ಯುದ್ಧದ ವಿಲ್ಲಿಸ್: 2.665, 1.97, 4.88 ಗುಣಿಸಿದ್ರೆ ಸುಮಾರು 25.6. ಸಿಜೆ-3ಬಿ: 2.798, 2.46, 5.38, ಅಂದ್ರೆ 37. ನಮ್ಮ ಜಿಪ್ಸಿಯ ದಾಯಾದಿ, ಹೊರದೇಶದಲ್ಲಿ ಸಮುರಾಯ್ ಅಂತ ಮಾರಿದ ಐದು ಗೇರಿನ ಸುಜುಕಿ: 3.652, 2.268, 3.727, ಸುಮಾರು 31. ನೋಡಿ, ಮೂರೇ ಗೇರಿನ ಸಿಜೆ-3ಬಿ ಐದು ಗೇರಿನದ್ದಕ್ಕಿಂತ ನಿಧಾನವಾಗಿ ತೆವಳುತ್ತೆ. ಟೈರ್ ಅಳತೆಯನ್ನೂ ಲೆಕ್ಕಕ್ಕೆ ತಗೋಬೇಕು, ಆದ್ರೆ ದಿಕ್ಕು ಇದೇ. ಹೆದ್ದಾರಿಯಲ್ಲಿ ಮಾತ್ರ ಸುಜುಕಿಯ ಐದನೇ ಗೇರಿನ ಸುಖ ಜೀಪಿಗೆ ಬರಲ್ಲ.

ಜಿಪ್ಸಿ ಅಳೆಯೋರಿಗೆ ಒಂದು ಎಚ್ಚರಿಕೆ. ಅದರ ಟ್ರಾನ್ಸ್‌ಫರ್ ಕೇಸ್ ಬಾಕ್ಸಿಂದ ಬೇರೆಯಾಗಿ ಕೂತಿರುತ್ತೆ, ನಡುವೆ ಒಂದು ಗಿಡ್ಡ ಶಾಫ್ಟ್. ಅದರ ಹೈ ಕೂಡ ನೇರ ಅಲ್ಲ. ಹಾಗಾಗಿ ಆ ಗಿಡ್ಡ ಶಾಫ್ಟನ್ನೇ ಎಣಿಸಬೇಕು.

ಕೊನೆಗೆ ನಮ್ಮ ಜೀಪು ಏನಾಯ್ತು? ಸೆಕೆಂಡ್ ಗೇರ್ ಹಾರೋದು ಟಿ-90ಯ ಹಳೇ ಕಾಯಿಲೆ. ಗೇರನ್ನ ಜಾಗದಲ್ಲಿ ಹಿಡಿಯೋ ಸ್ಪ್ರಿಂಗ್ ಸಡಿಲ ಆಗಿರಬಹುದು, ಫೋರ್ಕ್ ಸವೆದಿರಬಹುದು, ಮೇನ್ ಶಾಫ್ಟ್ ಹಿಂದೆಮುಂದೆ ಆಡ್ತಾ ಇರಬಹುದು, ಹಲ್ಲು ಸವೆದಿರಬಹುದು. ಅಗ್ಗದ್ದನ್ನ ಮೊದಲು ನೋಡಿ. ನಮ್ಮದರಲ್ಲಿ ಸ್ಪ್ರಿಂಗೂ ಸೋತಿತ್ತು, ಹಲ್ಲೂ ಮೊಂಡಾಗಿತ್ತು. ಎರಡನೇ ಸಲ ತರಿಸಿದ ಸೆಟ್ ಸರಿಯಾಗಿ ಕೂತಿತು.

ಹಬ್ಬಕ್ಕೆ ಹೋದಾಗ ಅದೇ ಇಳಿಜಾರಲ್ಲಿ ನಾನೇ ಇಳಿಸಿದೆ. ಗೇರ್ ಹಾರಲಿಲ್ಲ. ಆದ್ರೂ ಅಪ್ಪಯ್ಯ ಪಕ್ಕದಲ್ಲಿ ಕೂತು ಕೆಳಗೆ ಮುಟ್ಟೋವರೆಗೂ ಲಿವರ್ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ರು. ಆ ನಾಬ್ ಈಗಲೂ ಹಾಗೇ ಇದೆ. ತೆಗೀತೀನಿ ಅಂದ್ರೆ ಬೇಡ ಅಂತಾರೆ, ಜೀಪ್ ಕದಿಯೋಕೆ ಬಂದವನು ಮೊದಲು ಹಿಂದಕ್ಕೆ ಹೋಗಲಿ ಅಂತ.

ನಿಮ್ಮ ಊರಿನ ಕೊಟ್ಟಿಗೆಯಲ್ಲೂ ಇಂಥದ್ದೊಂದು ಗಾಡಿ ಇದ್ರೆ, ಮುಂದಿನ ಸಲ ಹೋದಾಗ ಒಂದು ಸೀಮೆಸುಣ್ಣ ಒಯ್ಯಿರಿ. ಮೊದಲು ಮಾತ್ರ ಅದನ್ನ ಓಡಿಸಿದೋರನ್ನ ಕೇಳಿ.