ಬಾಲಕರ ಪ್ರಶ್ನೆಯೂ ವಿಜ್ಞಾನದ ಪಾಠವೂ



12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಮ್ಮ ತಮ್ಮ ಅನುಭವವನ್ನು ಗೋಷ್ಠಿಯ ಮುಂದಿಟ್ಟು ಸಂಶಯಗಳನ್ನು ಬಗೆಹರಿಸಿಕೊಳ್ಳುತ್ತಿದ್ದರೆಂಬುದು ಈ ಸಭೆಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ವಿಜ್ಞಾನವನ್ನು ಕಲಿಯತಕ್ಕ ಬಾಲಕರಿಗೂ ಅಂತಹ ಗೋಷ್ಠಿಯು ಬೇಕೆಂಬುದಕ್ಕೆ ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಯ ವೃತ್ತಾಂತವು ಸಾಕ್ಷಿಯಾಗಿರುವುದು. ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು.

1972ನೆಯ ಇಸವಿಯಲ್ಲಿ ಕಿಶೋರ ಭಾರತಿ ಎಂಬ ಸಂಸ್ಥೆಯವರೂ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರಿನವರೂ ಮಧ್ಯಪ್ರದೇಶ ಸರಕಾರದ ಅಪ್ಪಣೆಯನ್ನು ಪಡೆದು, ಅಲ್ಲಿಯ 16 ಮಾಧ್ಯಮಿಕ ಶಾಲೆಗಳಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ವಿಜ್ಞಾನವನ್ನು ಬೇರೊಂದು ಬಗೆಯಲ್ಲಿ ಕಲಿಸತೊಡಗಿದರು. 1978ರಲ್ಲಿ ಅದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ವ್ಯಾಪಿಸಿತು. 1982ರಲ್ಲಿ ಏಕಲವ್ಯವೆಂಬ ಸಂಸ್ಥೆಯು ಹುಟ್ಟಿ ಅದರ ಭಾರವನ್ನು ವಹಿಸಿಕೊಂಡಿತು.

ಅವರ ಪಠ್ಯಪುಸ್ತಕದ ಹೆಸರು 'ಬಾಲ ವೈಜ್ಞಾನಿಕ'. ಸಿದ್ಧವಾದ ಉತ್ತರಗಳನ್ನು ಬಯಸಿದವರಿಗೆ ಅದು ನಿರಾಶೆಯನ್ನುಂಟುಮಾಡುವುದು. ಮಾಡತಕ್ಕ ಪ್ರಯೋಗಗಳೂ ಕೇಳಿಕೊಳ್ಳತಕ್ಕ ಪ್ರಶ್ನೆಗಳೂ ಅದರಲ್ಲಿರುವುವು. ನಾಲ್ವರು ಮಕ್ಕಳದು ಒಂದೊಂದು ಗುಂಪು. ಹೂವನ್ನು ಬಿಡಿಸಿ ನೋಡುವುದಕ್ಕೆ ಬೆಲೆಯುಳ್ಳ ಸೂಜಿಗಳೇಕೆ? ಜಾಲಿಯ ಮುಳ್ಳೇ ಸಾಕಾಯಿತು. ಒಂದೇ ಉದ್ದವನ್ನು ಹಲವರು ಅಳೆದಾಗ ಅಂಕಿಗಳು ಬೇರೆಬೇರೆಯಾಗಿ ಬರುವುದು ಸಹಜ. ಹಳೆಯ ಪದ್ಧತಿಯ ಉಪಾಧ್ಯಾಯನು ಅವುಗಳಲ್ಲಿ ಒಂದನ್ನು ಸರಿಯೆಂದು ಸಾರಿ ಉಳಿದುವನ್ನು ಅಳಿಸಿಬಿಡುವನು. ಇಲ್ಲಿಯಾದರೋ, ವ್ಯತ್ಯಾಸವು ಅಳತೆಪಟ್ಟಿಯನ್ನು ಇಟ್ಟ ಬಗೆಯಿಂದ ಬಂದಿತೋ, ನೋಡಿದ ಕಣ್ಣು ಓರೆಯಾದುದರಿಂದ ಬಂದಿತೋ ಎಂಬುದನ್ನು ಮಕ್ಕಳೇ ಚರ್ಚಿಸಬೇಕು. ಅಳಿಸಿಹೋಗತಕ್ಕ ಅಂಕಿಯೇ ಪಾಠವಾಯಿತು. ಪರೀಕ್ಷೆಯಲ್ಲಿಯೂ ಪುಸ್ತಕವನ್ನು ತೆರೆದಿಟ್ಟುಕೊಳ್ಳಲು ಅಪ್ಪಣೆಯಿದ್ದುದರಿಂದ ಉರುಹೊಡೆದವನಿಗೆ ಅಲ್ಲಿ ವಿಶೇಷ ಲಾಭವಿರಲಿಲ್ಲ.

ಆದರೆ ಉತ್ತರವನ್ನು ತಾನೇ ಹೇಳಿಬಿಡಕೂಡದೆಂದರೆ ಉಪಾಧ್ಯಾಯನ ಪಾಡೇನು? ಅವನಿಗೇ ತಿಳಿಯದ ಪ್ರಶ್ನೆಗಳೂ ಬರುವುವು. ತಿಳಿಯದೆಂದು ಮಕ್ಕಳೆದುರಿಗೆ ಒಪ್ಪಿಕೊಳ್ಳುವುದು ಪಂಡಿತರಿಗೂ ಸುಲಭವಲ್ಲ. ಇದಕ್ಕೋಸ್ಕರವೇ ಸುತ್ತಣ ಶಾಲೆಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ಒಂದೆಡೆ ಕೂಡಿ, ಕೆಟ್ಟುಹೋದ ಪ್ರಯೋಗವನ್ನೂ ಉಳಿದುಹೋದ ಸಂಶಯವನ್ನೂ ಮುಂದಿಟ್ಟು ವಿಚಾರಿಸುತ್ತಿದ್ದರು. ದಿಲ್ಲಿ ವಿಶ್ವವಿದ್ಯಾಲಯದ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದ್ವಾಂಸರೂ ಈ ಕಾರ್ಯದಲ್ಲಿ ಕೈಗೂಡಿಸಿದರು. ಮಕ್ಕಳಿಗಂತೂ ಸವಾಲೀರಾಮನಿದ್ದನು. ಅಂತಹ ಮನುಷ್ಯನೊಬ್ಬನು ಎಲ್ಲಿಯೂ ಇರಲಿಲ್ಲ; ಆದರೂ ಅವನ ಹೆಸರಿಗೆ ಬರೆದ ಕಾಗದಗಳಿಗೆ ಉತ್ತರವು ಬರುತ್ತಿತ್ತು! ಹಳ್ಳಿಯ ಬಾಲಕನ ಸಂಶಯವು ಹೀಗೆ ಅಂಚೆಯ ಮೂಲಕ ಬಲ್ಲವರನ್ನು ಮುಟ್ಟುತ್ತಿತ್ತು.

ಮಠಗಳ ಆಶ್ರಯದಲ್ಲಿ ನಡೆಯತಕ್ಕ ಶಾಲೆಗಳ ಚಾಲಕರು ಪ್ರಯೋಗಶಾಲೆಯ ಕಟ್ಟಡಕ್ಕೆ ದಾನವನ್ನು ಕೂಡಿಸುವಾಗ, ಉಪಾಧ್ಯಾಯರು ಹೀಗೆ ತಿಂಗಳಿಗೊಮ್ಮೆ ಕೂಡುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಟ್ಟಡವು ಕಣ್ಣಿಗೆ ಕಾಣುವುದು, ಗೋಷ್ಠಿಯು ಕಾಣದು. ಆದುದರಿಂದ ಮೊದಲು ಕಡಿತವಾಗುವುದೂ ಅದೇ.

ಹೋಶಂಗಾಬಾದಿನ ಕಾರ್ಯಕ್ರಮವನ್ನು ಮೂವತ್ತು ವರ್ಷಗಳ ತರುವಾಯ, 2002ರಲ್ಲಿ, ಸರಕಾರವು ನಿಲ್ಲಿಸಿತು. ಏಕಲವ್ಯದವರು ಮಕ್ಕಳ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಪ್ರಕಟಿಸುವ ಕೆಲಸವನ್ನು ಬಿಡಲಿಲ್ಲ. ಶಾಲೆಗಳೂ ಉಪಾಧ್ಯಾಯರೂ ಇದ್ದಲ್ಲಿಯೇ ಇದ್ದರು. ಜಾಲಿಯ ಮುಳ್ಳಿಗೂ ಬರವಿರಲಿಲ್ಲ. ಮಗುವಿನ ಪ್ರಶ್ನೆಯನ್ನು ಕೊಂಡೊಯ್ದು ಇಡುವುದಕ್ಕೆ ತಿಂಗಳ ಸಭೆಯು ಮಾತ್ರ ಇಲ್ಲವಾಯಿತು.